‘ಕಟ್ಟಿದ’ ಬೇರೆ, ‘ಕಟ್ಟಿಸಿದ’ ಬೇರೆ

ತಾಜಮಹಲನ್ನು ಷಾಜಹಾನ್ ‘ಕಟ್ಟಿಸಿದ’ ಎಂದು ಶಾಲೆಯಲ್ಲಿ ಓದಿದ್ದೇವೆ. ಮನೆ ಕಟ್ಟಿಸುವವನು ಯಜಮಾನ, ಕಟ್ಟುವವನು ಗಾರೆ ಕೆಲಸದವನು ಎಂಬುದು ಮಕ್ಕಳಿಗೂ ಗೊತ್ತು. ಆದರೆ ರೈಲಿನ ಮಾತು ಬಂದರೆ ಈ ‘ಇಸು’ ನಮಗೆ ಮರೆತುಹೋಗುತ್ತದೆ. ಮುಂಬಯಿ–ಪುಣೆ ನಡುವಿನ ಭೋರ್ ಘಾಟ್ ರೈಲುಮಾರ್ಗವನ್ನು ಜೇಮ್ಸ್ ಬರ್ಕ್ಲಿ ‘ಕಟ್ಟಿದ’ ಎಂದು ಸಲೀಸಾಗಿ ಬರೆದುಬಿಡುತ್ತೇವೆ.

ಬರ್ಕ್ಲಿಯ ಪ್ರತಿಭೆಯ ಬಗ್ಗೆ ನನ್ನ ತಕರಾರಿಲ್ಲ. ಆತ ರಾಬರ್ಟ್ ಸ್ಟೀಫನ್‌ಸನ್‌ನ ಶಿಷ್ಯ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಎಂಜಿನಿಯರ್. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ರೈಲು ಓಡಿದ್ದು ಅವನ ಉಸ್ತುವಾರಿಯಲ್ಲೇ. ಆಮೇಲೆ ಎದುರಾದದ್ದು ಸಹ್ಯಾದ್ರಿ. ಸುಮಾರು 25 ಕಿಲೋಮೀಟರ್ ದೂರದಲ್ಲಿ 550 ಮೀಟರಿಗೂ ಹೆಚ್ಚು ಏರಬೇಕಿತ್ತು. 25 ಸುರಂಗಗಳು, ತೀರಾ ಕಡಿದಾದ ಕಡೆ 37 ಅಡಿಗೆ ಒಂದಡಿ ಏರು. ನಡುವೆ ರೈಲು ನಿಂತು, ದಿಕ್ಕು ಬದಲಿಸಿ ಮತ್ತೆ ಹತ್ತುವ ಏರ್ಪಾಟು. 1863ರಲ್ಲಿ ಮಾರ್ಗ ತೆರೆದಾಗ ಅದನ್ನು ನೋಡಲು ಅವನೇ ಇರಲಿಲ್ಲ. ಹಿಂದಿನ ವರ್ಷ, 42ರ ವಯಸ್ಸಿಗೇ ತೀರಿಕೊಂಡಿದ್ದ.

ಇಷ್ಟೆಲ್ಲ ನಿಜ. ಆದರೂ ಅವನು ಕಟ್ಟಲಿಲ್ಲ. 1861ರಲ್ಲಿ ಆ ಘಾಟಿಯಲ್ಲಿ 40,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಬಂಡೆಗೆ ಕುಳಿ ಹೊಡೆದು ಮದ್ದು ತುಂಬಿದವರು, ಬುಟ್ಟಿಯಲ್ಲಿ ಮಣ್ಣು ಹೊತ್ತವರು, ಕಾಲರಾಕ್ಕೆ ಸಿಕ್ಕು ಸತ್ತವರು ಅವರು. 1859ರಲ್ಲಿ ಕೂಲಿಯ ವಿಚಾರವಾಗಿ ಅವರು ಗಲಭೆ ಎದ್ದದ್ದೂ ಉಂಟು. ಅದೇ ವರ್ಷ ಹೊಸ ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಬಂದ ಕೆಲವೇ ದಿನಗಳಲ್ಲಿ ಸತ್ತ. ಗುತ್ತಿಗೆಯನ್ನು ಹೆಂಡತಿ ಆಲಿಸ್ ಮುಂದುವರಿಸಿದಳು. ಗುತ್ತಿಗೆದಾರರಿಗೆ ಹೆಸರುಂಟು. ಕೂಲಿಯವರು ಚರಿತ್ರೆಗೆ ಬರುವುದು ಬರೀ ಸಂಖ್ಯೆಯಾಗಿ.

‘ಸರಿ, ಬರ್ಕ್ಲಿ ಕಟ್ಟಿಸಿದ ಎನ್ನೋಣ’ ಎನ್ನುತ್ತೀರಾ? ಅದೂ ಪೂರ್ತಿ ಸರಿಯಲ್ಲ. ಕಟ್ಟಿಸುವವನು ದುಡ್ಡು ಕೊಡಬೇಕಲ್ಲ? ಬಂಡವಾಳ ಹೂಡಿದ ಇಂಗ್ಲೆಂಡಿನವರಿಗೆ ಶೇಕಡ 5ರ ಬಡ್ಡಿಯ ಖಾತರಿಯಿತ್ತು. ರೈಲಿನ ಗಳಿಕೆ ಸಾಲದಿದ್ದರೆ ಭಾರತದ ಬೊಕ್ಕಸವೇ ಅದನ್ನು ತುಂಬಿಕೊಡಬೇಕಿತ್ತು. ಅಂದರೆ, ರೈಲನ್ನೇ ಕಾಣದ ರೈತನ ಕಂದಾಯವೂ ಅದರಲ್ಲಿ ಸೇರಿತು. ಲಾಭ ಅವರದು, ಹೊಣೆ ಇವನದು.

‘ಎಂಜಿನಿಯರ್ ಇಲ್ಲದಿದ್ದರೆ ರೈಲೆಲ್ಲಿ?’ ಎಂದು ಕೇಳುವವರಿದ್ದಾರೆ. ಒಪ್ಪಿದೆ. ಕೂಲಿಯವರಿಲ್ಲದಿದ್ದರೆ? 1867ರಲ್ಲಿ ಇದೇ ಘಾಟಿಯ ಒಂದು ದೊಡ್ಡ ಕಮಾನು ಸೇತುವೆ ಕುಸಿಯಿತು. ಅದನ್ನೂ ‘ಬರ್ಕ್ಲಿ ಕಟ್ಟಿದ್ದು’ ಎನ್ನಲು ಈ ಅಭಿಮಾನಿಗಳು ತಯಾರಿದ್ದಾರೆಯೇ?

ಸೋಮನಾಥಪುರದ ದೇವಾಲಯವನ್ನು 13ನೆಯ ಶತಮಾನದಲ್ಲಿ ಕಟ್ಟಿಸಿದವನು ಸೋಮನಾಥ ದಂಡನಾಯಕ. ಆದರೆ ಅಲ್ಲಿನ ವಿಗ್ರಹಗಳ ಪೀಠದ ಮೇಲೆ ಶಿಲ್ಪಿ ಮಲ್ಲಿತಮ್ಮನ ಹೆಸರೂ ಇದೆ. ಕೆತ್ತಿದ ಕೈಗೂ ಕಲ್ಲಿನ ಮೇಲೆ ಜಾಗ ಸಿಕ್ಕಿತ್ತು. ಭೋರ್ ಘಾಟಿಯ ಕೂಲಿಯವರ ಹೆಸರುಗಳನ್ನು ನಾವು ಇನ್ನು ತರಲಾರೆವು. ಅವರ ಕ್ರಿಯಾಪದವನ್ನಾದರೂ ಅವರಿಗೆ ಬಿಟ್ಟುಕೊಡೋಣ. ಬರ್ಕ್ಲಿ ನಕ್ಷೆ ಹಾಕಿದ, ಮುಂದೆ ನಿಂತು ಕೆಲಸ ಮಾಡಿಸಿದ. ಕಟ್ಟಿದವರು ಅವರು.