ಮನೆಸಭೆಗೆ ಮನೆ ಸಾಕೇ?

ಬೆಂಗಳೂರಿನ ಹೊಸಹಳ್ಳಿ, ವಿಜಯನಗರ, ಮಾಗಡಿ ರಸ್ತೆಯ ಅಡ್ಡರಸ್ತೆಗಳಲ್ಲಿ ಬೋರ್ಡೂ ಶಿಲುಬೆಯೂ ಇಲ್ಲದ ಕ್ರೈಸ್ತ ಸಭೆಗಳು ನಡೆಯುತ್ತವೆ. ವಾರದ ನಡುವೆ ಒಂದು ಸಂಜೆ ಬಾಡಿಗೆ ಮನೆಯ ಹಾಲ್‌ನಲ್ಲಿ ಹತ್ತು ಹನ್ನೆರಡು ಜನ ಕೂಡುತ್ತಾರೆ. ಕೆಲವರಿಗೆ ಅದು ದೊಡ್ಡ ಚರ್ಚಿನ ಜೊತೆಗಿರುವ ಮನೆಪ್ರಾರ್ಥನೆ. ಇನ್ನು ಕೆಲವರಿಗೆ ಭಾನುವಾರದ ಆರಾಧನೆಯೂ ಅಲ್ಲೇ. ಚರ್ಚಿನಲ್ಲಿ ಆರಾಧನೆ ಸಿಕ್ಕಿತು, ನಂಬಿಕೆಯಲ್ಲಿ ಬೆಳೆದದ್ದು ಮಾತ್ರ ಇಲ್ಲಿ ಎಂದು ಇವರಲ್ಲಿ ಹಲವರು ಹೇಳುತ್ತಾರೆ. ಅದು ನಿಜವಾದರೆ, ಹಾಗೆ ಬೆಳೆಸುವುದು ಯಾವುದು? ಮನೆಯೇ, ಸಂಖ್ಯೆ ಕಡಿಮೆ ಇರುವುದೇ, ಅಥವಾ ಬೇರೇನಾದರೂ ಇದೆಯೇ?

ಮನೆಯಲ್ಲಿ ಕೂಡುವುದು ಹೊಸ ಪದ್ಧತಿಯೇನಲ್ಲ. ಅಕ್ವಿಲ ಮತ್ತು ಪ್ರಿಸ್ಕ ದಂಪತಿಯ ಮನೆಯಲ್ಲಿ ಸೇರುತ್ತಿದ್ದ ಸಭೆಗೆ ಅಪೊಸ್ತಲ ಪೌಲನು ವಂದನೆ ಕಳಿಸಿದ್ದಾನೆ. 313ರಲ್ಲಿ ರೋಮ್ ಸಾಮ್ರಾಜ್ಯ ಈ ಧರ್ಮಕ್ಕೆ ಬಹಿರಂಗ ಮನ್ನಣೆ ಕೊಡುವವರೆಗೂ ಕ್ರೈಸ್ತರು ಹೆಚ್ಚಾಗಿ ಮನೆಗಳಲ್ಲೇ ಕೂಡುತ್ತಿದ್ದರು. ಸಿರಿಯಾದ ದುರಾ ಯೂರೋಪೋಸ್‌ನಲ್ಲಿ ಮೂರನೆಯ ಶತಮಾನದ ಅಂಥ ಒಂದು ಮನೆ ಉತ್ಖನನದಲ್ಲಿ ಸಿಕ್ಕಿದೆ. ವಾಸದ ಮನೆಯನ್ನೇ ಆರಾಧನೆಗೆ ಹೊಂದಿಸಿಕೊಂಡು, ಒಂದು ಕೋಣೆಯನ್ನು ದೀಕ್ಷಾಸ್ನಾನಕ್ಕೆ ಬಿಟ್ಟಿದ್ದರು.

ನಮ್ಮ ನಾಡಿನ ಪ್ರಾಟೆಸ್ಟೆಂಟ್ ಸಭೆಗಳ ಹಿಂದೆಯೂ ಮನೆಕೂಟಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಪಂಥದ ಭಕ್ತರು ದೊಡ್ಡ ಆಸರೆಯಾಗಿದ್ದರು. ಆ ಭಕ್ತರು ಮನೆಗಳಲ್ಲಿ ಕೂಡಲು ಅಲ್ಲಿನ ಆಳ್ವಿಕೆ 1743ರಲ್ಲೇ ಒಪ್ಪಿತ್ತು, ಊರ ಪಾದ್ರಿಗೆ ತಿಳಿದಿರಬೇಕೆಂಬ ಷರತ್ತಿನೊಡನೆ. ಹಳೆ ಮೈಸೂರು ಸೀಮೆಯಲ್ಲಿ, ಗುಬ್ಬಿಯಂಥ ಊರುಗಳಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಕಥೆ ಇನ್ನೂ ಸ್ವಾರಸ್ಯದ್ದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಈ ಪಂಥದ ಮಂದಿರದ ಸಾಲ ತೀರಿಸಲು ಹನ್ನೆರಡು ಜನಕ್ಕೊಬ್ಬ ಮುಖಂಡ ತಲಾ ವಾರಕ್ಕೊಂದು ಪೆನ್ನಿ ಎತ್ತುವುದೆಂದು ಗೊತ್ತಾಯಿತು. ವಸೂಲಿಗೆ ಮನೆಮನೆಗೆ ಹೋದವನಿಗೆ ಒಂದು ಮನೆಯಲ್ಲಿ ಗಂಡಹೆಂಡಿರ ಜಗಳ ಕಂಡಿತು, ಇನ್ನೊಂದರಲ್ಲಿ ಕುಡಿತ. ಜನ ಹೇಗೆ ಬದುಕುತ್ತಿದ್ದಾರೆಂದು ತಿಳಿಯುವ ದಾರಿ ಇದೇ ಎಂದು ಪಂಥದ ಮೂಲಪುರುಷ ಜಾನ್ ವೆಸ್ಲಿಗೆ ಹೊಳೆಯಿತು. ಪ್ರವಚನಕ್ಕೆ ತಲೆದೂಗಿದವನ ಮನೆಯ ಸ್ಥಿತಿ ವೇದಿಕೆಯ ಮೇಲಿಂದ ಕಾಣುವಂಥದ್ದಲ್ಲ. ಸಾಲ ವಸೂಲಿಯ ಏರ್ಪಾಟು ಹಾಗೆ ಆತ್ಮಪರೀಕ್ಷೆಯ ಕೂಟವಾಯಿತು.

ಹೊಸಹಳ್ಳಿಯ ಕಡೆಯ ಇಂಥ ಕೂಟ ನೋಡಿದವರಿಗೆ ವೆಸ್ಲಿಗೆ ಹೊಳೆದದ್ದು ಬೇಗ ಅರ್ಥವಾಗುತ್ತದೆ. ಬಾಗಿಲಲ್ಲಿ ಚಪ್ಪಲಿ, ಒಳಗೆ ಚಾಪೆ, ವಯಸ್ಸಾದವರಿಗೆ ಪ್ಲಾಸ್ಟಿಕ್ ಕುರ್ಚಿ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದಾಕೆ ಸತ್ಯವೇದದ ಅಧ್ಯಾಯವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ; ಪಕ್ಕದಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ ಬಾಯಿ ಹಾಕದೆ ಕಾಯುತ್ತಾನೆ. ಆಮೇಲೆ ಬೇಡಿಕೆಗಳು: ಮಗನ ಪಿಯುಸಿ, ಕಟ್ಟದೆ ಉಳಿದ ಇಎಂಐ, ಮಾತು ಬಿಟ್ಟ ಅಣ್ಣ. ಮುಂದಿನ ವಾರ ಯಾರಾದರೂ ಕೇಳಿಯೇ ಕೇಳುತ್ತಾರೆ: “ಅಣ್ಣಂಗೆ ಫೋನ್ ಮಾಡಿದ್ರಾ ಅಕ್ಕ?” ಕ್ಷಮೆಯ ಮೇಲೆ ಕೇಳಿದ ಪ್ರವಚನವನ್ನು ಮರೆಯಬಹುದು, ಈ ಪ್ರಶ್ನೆಯನ್ನು ಮರೆಯಲಾಗದು.

ಇನ್ನೊಂದು ಪರೀಕ್ಷೆ ಊಟದ್ದು. ಚರ್ಚಿನ ಬೆಂಚಿನಲ್ಲಿ ಅಕ್ಕಪಕ್ಕ ಕೂತವರು ಹೊರಗೆ ಬಂದಮೇಲೆ ತಂತಮ್ಮ ಜಾತಿ, ಭಾಷೆ, ಬಳಗಕ್ಕೆ ಮರಳಿಬಿಡಬಹುದು. ಒಬ್ಬರ ಮನೆಯ ಒಳಗೆ ಹೋಗಿ, ಅವರ ಅಡುಗೆಮನೆಯಲ್ಲಿ ಬೆಂದ ಅನ್ನಸಾರು ಉಣ್ಣಬೇಕಾದಾಗ ಆ ಅನುಕೂಲವಿಲ್ಲ. ಕ್ರೈಸ್ತರಾದಮೇಲೂ ಜಾತಿ ಬಿಡದ ನಮ್ಮ ಸಮಾಜದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಚಿಕ್ಕದೆಲ್ಲ ಒಳ್ಳೆಯದೆನ್ನಲು ಬರುವುದಿಲ್ಲ. ಕೊರಿಂಥದ ಸಭೆಯ ಊಟದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಬಡವರು ಹಸಿದಿರುತ್ತಿದ್ದರು. ಅದಕ್ಕಾಗಿ ಪೌಲನು ಅವರನ್ನು ಕಟುವಾಗಿ ಗದರಿಸಿದ್ದಾನೆ. ಯೋಹಾನನ ಮೂರನೆಯ ಪತ್ರದ ದಿಯೊತ್ರೇಫನಿಗೆ ತಾನೇ ಪ್ರಮುಖನಾಗುವ ಆಸೆ. ತನ್ನ ಮಾತು ಕೇಳದವರನ್ನು ಸಭೆಯಿಂದಲೇ ಹೊರಗಟ್ಟುತ್ತಿದ್ದ. ಮೊದಲ ಶತಮಾನದಲ್ಲೇ ಇದ್ದ ಕಾಯಿಲೆ ಈಗ ಬೆಂಗಳೂರಿನ ಹಾಲ್‌ಗಳಲ್ಲಿ ಇರಲಾರದೆನ್ನಲು ಕಾರಣವಿಲ್ಲ. ಪಾಸ್ಟರ್ ಒಬ್ಬರೇ, ಕಾಣಿಕೆಯ ಲೆಕ್ಕ ಅವರ ಜೇಬಿನಲ್ಲೇ, ವಾಕ್ಯಕ್ಕೆ ಅವರು ಹೇಳಿದ್ದೇ ಅರ್ಥ ಎಂದಾದರೆ ಸಭೆ ಚಿಕ್ಕದಾದಷ್ಟೂ ಹಿಡಿತ ಬಿಗಿಯಾಗುತ್ತದೆ. ಪ್ರಾರ್ಥನೆಯೊಂದೇ ಸಾಕು, ಶುಗರ್ ಮಾತ್ರೆ ಬೇಡ ಎಂದರೆ ಅಲ್ಲಿ ತಡೆಯುವವರು ಯಾರು? ದೊಡ್ಡ ಚರ್ಚಿನಲ್ಲಿ ಕಮಿಟಿ ಜಗಳಗಳಿರಬಹುದು, ಆದರೆ ಕಮಿಟಿಯಾದರೂ ಇರುತ್ತದೆ.

ಹಾಗಾಗಿ ಬೆಳೆಸುವುದು ಮನೆಯೂ ಅಲ್ಲ, ಕಡಿಮೆ ಸಂಖ್ಯೆಯೂ ಅಲ್ಲ; ಒಬ್ಬರಿಗೊಬ್ಬರು ಉತ್ತರ ಹೇಳಬೇಕಾದ ಸ್ಥಿತಿ. ಚಿಕ್ಕ ಕೂಟದಲ್ಲಿ ಸಾಮಾನ್ಯ ಸದಸ್ಯರಿಗೆ ಆ ಸ್ಥಿತಿ ತಾನಾಗಿ ಬರುತ್ತದೆ. ಮುಂದಾಳಿಗೆ ಅದು ತಾನಾಗಿ ಬರುವುದಿಲ್ಲ, ತರಬೇಕು. ಮಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ವಾಡೆಗೆ, ಅಂದರೆ ಮನೆಗಳ ಗುಂಪಿಗೆ, ಗುರಿಕಾರನೆಂಬ ಒಬ್ಬ ಮುಂದಾಳು ಇದ್ದು, ಆ ಗುಂಪು ಚರ್ಚಿನ ಭಾಗವಾಗಿಯೇ ನಡೆಯುತ್ತದೆ. ಏಷ್ಯಾದ ಕಥೋಲಿಕ ಬಿಷಪರು 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಕೂಡಿದಾಗ ಧರ್ಮಸಭೆಯೆಂದರೆ ಸಮುದಾಯಗಳ ಸಮುದಾಯವಾಗಿರಬೇಕೆಂದು ಹೇಳಿದ್ದು ಈ ಅರ್ಥದಲ್ಲೇ. ಸ್ವತಂತ್ರ ಮನೆಸಭೆಗಳು ಬಿಷಪರ ಕೈಕೆಳಗೆ ಹೋಗಬೇಕಿಲ್ಲ. ಆದರೆ ಇಬ್ಬರು ಮೂವರು ಹಿರಿಯರು, ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ, ಪಾಸ್ಟರನ್ನು ತಿದ್ದಬಲ್ಲ ಅಕ್ಕಪಕ್ಕದ ಸಭೆಗಳ ನಂಟು, ಇಷ್ಟಾದರೂ ಬೇಕು.

ನೆರೆಹೊರೆಯ ವಿಷಯದಲ್ಲೂ ಇದೇ ಮಾತು: ಅವರಿಗೂ ಸಭೆ ಉತ್ತರ ಹೇಳುವಂತಿರಬೇಕು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಈ ನಡುವೆ ಮನೆಯ ಪ್ರಾರ್ಥನೆಯೂ ಅನುಮಾನದ ವಸ್ತುವಾಯಿತು. ಮನೆಯಲ್ಲಿ ಕೂಡಿ ಪ್ರಾರ್ಥಿಸುವುದು ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕು. ಅದೇ ಬೀದಿಯಲ್ಲಿ ಶನಿವಾರದ ಭಜನೆಯೂ ವಚನಗೋಷ್ಠಿಯೂ ಮನೆಗಳಲ್ಲೇ ನಡೆಯುತ್ತವೆ. ಹಕ್ಕಿದ್ದರೂ ಬಾಗಿಲು ತೆರೆದಿಟ್ಟು, ಮೈಕ್ ಇಲ್ಲದೆ ಹಾಡಿ, ಪಕ್ಕದ ಮನೆಯವರ ಗೇಟಿನ ಮುಂದೆ ಬೈಕು ನಿಲ್ಲಿಸದಿರುವುದು ನೆರೆಯವರನ್ನು ಪ್ರೀತಿಸಬೇಕೆಂಬ ಬೋಧನೆಯ ಮೊದಲ ಪಾಠ.

ಮನೆಸಭೆ ಹುಡುಕುವವರಿಗೆ ಒಂದು ಮಾತು: ಹಾಡು ಎಷ್ಟು ಚೆನ್ನಾಗಿದೆ, ಪ್ರಾರ್ಥನೆ ಎಷ್ಟು ಹೊತ್ತು ನಡೆಯುತ್ತದೆ ಎಂದು ನೋಡಿ ಸೇರಬೇಡಿ. ಅಲ್ಲಿ ಪಾಸ್ಟರನ್ನು ಪ್ರಶ್ನೆ ಕೇಳಬಹುದೇ, ಕೇಳಿದವರು ಮುಂದಿನ ವಾರವೂ ಬರುತ್ತಾರೆಯೇ ಎಂದು ನೋಡಿ. ಹೌದಾದರೆ ಅಲ್ಲೇ ಚಾಪೆ ಹಾಕಿ ಕೂತುಕೊಳ್ಳಿ. ಇಲ್ಲವಾದರೆ ಬೇರೆ ಮನೆ ಹುಡುಕಿ.