ಕೈಗಳಿಗೂ ನುಡಿಯುಂಟು

ಬಹಳ ತಿಳಿದವನನ್ನು ನಮ್ಮ ಹಿರಿಯರು ‘ಬಹುಶ್ರುತ’ನೆಂದು ಕರೆದರು, ಬಹಳವಾಗಿ ಕೇಳಿದವನೆಂದು ಆ ಮಾತಿನ ಅರ್ಥವು. ವಿದ್ಯೆಯು ಕಿವಿಯ ಬಾಗಿಲಿನಿಂದಲೇ ಒಳಗೆ ಬರತಕ್ಕದ್ದೆಂಬ ನಂಬಿಕೆಯು ಹೀಗೆ ನಮ್ಮ ಭಾಷೆಯಲ್ಲಿಯೇ ಬೇರೂರಿರುವದು. ಹಾಗಾದರೆ ಕಿವಿ ಕೇಳದೆ ಹುಟ್ಟಿದ ಮಗುವಿನ ಗತಿಯೇನು? ದಾವಣಗೆರೆ ಹರಿಹರಗಳ ಪೇಟೆಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಅಂಥ ಮಕ್ಕಳಿರುವ ಮನೆಗಳುಂಟು. ಮಗುವು ಹೆಣ್ಣಾದರೆ, ನಾಲ್ಕು ಜನರ ಮುಂದೆ ಕೈಯಾಡಿಸಬೇಡವೆಂದು ಗದರಿಸಿ ಒಳಕ್ಕೆ ಕಳುಹಿಸುವವರೂ ಇಲ್ಲದಿಲ್ಲ. ಆದುದರಿಂದ ಲೊರಾನ್ ಕ್ಲೇರ್ ಎಂಬ ಕಿವುಡ ಉಪಾಧ್ಯಾಯನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡುವದು ಉಚಿತವೆಂದು ಎಣಿಸಿದ್ದೇವೆ.

ಕ್ಲೇರನು 1785ರಲ್ಲಿ ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದನು. ಕೂಸಾಗಿದ್ದಾಗ ಬೆಂಕಿಯಲ್ಲಿ ಬಿದ್ದುದರಿಂದ ಆತನ ಬಲಗೆನ್ನೆಯ ಮೇಲೆ ಕಲೆ ಉಳಿಯಿತು. ಎರಡು ಬೆರಳುಗಳಿಂದ ಬಲಗೆನ್ನೆಯನ್ನು ಸವರಿದರೆ ಅದೇ ಸನ್ನೆಯ ಭಾಷೆಯಲ್ಲಿ ಆತನ ಹೆಸರು. ಹನ್ನೆರಡು ವರುಷದವರೆಗೂ ಆತನು ಶಾಲೆಯನ್ನು ಕಾಣಲಿಲ್ಲ. ಆ ಬಳಿಕ ಪ್ಯಾರಿಸ್ ಪಟ್ಟಣದಲ್ಲಿ, ದ ಲೆಪೇ ಎಂಬ ಯಾಜಕನು ಸುಮಾರು 1760ರಲ್ಲಿ ಆರಂಭಿಸಿದ್ದ ಕಿವುಡರ ಶಾಲೆಗೆ ಸೇರಿದನು. ಅಲ್ಲಿ ಆತನಿಗೆ ದೊರೆತ ಗುರುವಾದ ಜಾನ್ ಮಸಿಯು ಎಂಬವನೂ ಕಿವುಡನೇ. ಬೇರೊಬ್ಬ ಉಪಾಧ್ಯಾಯನು ಆತನಿಗೆ ಬಾಯಿಮಾತು ಕಲಿಸಹೋಗಿ, ಉಚ್ಚಾರವು ತಪ್ಪಿದ ಸಿಟ್ಟಿನಲ್ಲಿ ಗದ್ದಕ್ಕೆ ಹೊಡೆಯಲು, ಹುಡುಗನ ನಾಲಿಗೆಯು ಹಲ್ಲಿಗೆ ಸಿಕ್ಕಿ ಗಾಯವಾಯಿತು. ಅಂದಿನಿಂದ ಕ್ಲೇರನು ಬಾಯಿಮಾತಿನ ಆಶೆಯನ್ನೇ ಬಿಟ್ಟನು. ವಿದ್ಯೆಯನ್ನು ಮಾತ್ರ ಬಿಡಲಿಲ್ಲ. ಸನ್ನೆಯಿಂದ ಕಲಿತು, ಫ್ರೆಂಚ್ ಭಾಷೆಯನ್ನು ಚೆನ್ನಾಗಿ ಬರೆಯಬಲ್ಲವನಾಗಿ, ಅದೇ ಶಾಲೆಯಲ್ಲಿ ಉಪಾಧ್ಯಾಯನಾದನು.

1816ರಲ್ಲಿ ಥಾಮಸ್ ಗ್ಯಾಲೊಡೆಟ್ ಎಂಬ ಅಮೇರಿಕದ ಪಾದ್ರಿಯು ಆತನನ್ನು ತನ್ನ ದೇಶಕ್ಕೆ ಕರೆದನು. ಐವತ್ತೆರಡು ದಿವಸಗಳ ಸಮುದ್ರ ಪ್ರಯಾಣದಲ್ಲಿ ಪಾದ್ರಿಯು ಕ್ಲೇರನಿಗೆ ಇಂಗ್ಲಿಷನ್ನೂ, ಕ್ಲೇರನು ಪಾದ್ರಿಗೆ ಸನ್ನೆಗಳನ್ನೂ ಕಲಿಸಿದರು. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡ್ ಊರಿನಲ್ಲಿ ಇವರ ಶಾಲೆಯು ತೆರೆಯಿತು. 1858ರ ವರೆಗೆ, ಅಂದರೆ ನಾಲ್ವತ್ತೊಂದು ವರುಷ, ಕ್ಲೇರನು ಅಲ್ಲಿ ಕಲಿಸಿದನು. ಅಧಿಕಾರಿಗಳ ಮುಂದೆ ಕಿವುಡರ ಪಕ್ಷವಾಗಿ ವಾದಿಸಲು ಆತನಿಗೆ ಲೇಖನಿಯೇ ನಾಲಿಗೆಯಾಯಿತು. 1818ರಲ್ಲಿ ಆತನು ಬರೆದ ಭಾಷಣವನ್ನು ಗ್ಯಾಲೊಡೆಟನು ಸಭೆಗೆ ಓದಿದನು. 1819ರಲ್ಲಿ ಎಲೈಜಾ ಬೋರ್ಡ್‌ಮನ್ ಎಂಬ ಕಿವುಡ ವಿದ್ಯಾರ್ಥಿನಿಯನ್ನು ಮದುವೆಯಾಗಿ, 1869ರಲ್ಲಿ ತಾನು ತೀರಿಹೋಗುವ ವರೆಗೂ ಆಕೆಯೊಡನೆ ಸಂಸಾರ ನಡಿಸಿದನು. ಇಂಥ ಹುಡುಗಿಗೆ ಸಂಸಾರವೆಲ್ಲಿಯದು ಎಂದು ನಿಟ್ಟುಸಿರು ಬಿಡುವ ತಾಯಂದಿರು ಇದನ್ನು ಗಮನಿಸಬೇಕು.

ಆತನ ಮರಣದ ತರುವಾಯ, 1880ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ ಉಪಾಧ್ಯಾಯರ ಸಭೆಯೊಂದು ಕೂಡಿತು. ಬಹುಮಟ್ಟಿಗೆ ಕಿವಿಯುಳ್ಳವರೇ ಆಗಿದ್ದ ಆ ಸಭಿಕರು ಕಿವುಡರಿಗೆ ಬಾಯಿಮಾತಿನಿಂದಲೇ ಕಲಿಸತಕ್ಕದ್ದೆಂದು ಗೊತ್ತುಮಾಡಿದರು. ಅನೇಕ ದೇಶಗಳ ಶಾಲೆಗಳಲ್ಲಿ ಸನ್ನೆಗೆ ನಿಷೇಧವು ಬಂದಿತು. ಕಿವುಡ ಉಪಾಧ್ಯಾಯರು ಕೆಲಸ ಕಳಕೊಂಡರು. ಅದಕ್ಕಾಗಿ ವಿಷಾದ ಸೂಚಿಸುವದಕ್ಕೆ ಅದೇ ಪರಂಪರೆಯ ಸಭೆಗೆ 2010ರ ವರೆಗೆ, ಅಂದರೆ ನೂರ ಮೂವತ್ತು ವರುಷ, ಬೇಕಾಯಿತು.

ಸನ್ನೆ ಕಲಿತ ಮಗುವು ಮಾತು ಕಲಿಯಲಾರದೆಂದು ಈಗಲೂ ಹೇಳುವವರಿದ್ದಾರೆ. ಶ್ರವಣ ಪರೀಕ್ಷೆಯನ್ನು ಬೇಗನೆ ಮಾಡಿಸುವದನ್ನಾಗಲಿ, ಕಿವಿಯ ಯಂತ್ರವನ್ನಾಗಲಿ ನಾವು ಬೇಡವೆನ್ನುವದಿಲ್ಲ. ಅದಕ್ಕೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವದು. ಆದರೆ ಬಾಯಿಮಾತು ಬರಲೆಂದು ಕಾಯುತ್ತ ಕೂತ ವರುಷಗಳು ಭಾಷೆಯೇ ಇಲ್ಲದ ವರುಷಗಳಾಗಬಾರದು. ಭಾಷೆಯಿಲ್ಲದ ಮಗುವು ತನ್ನ ಹೊಟ್ಟೆನೋವನ್ನು ತೋರಿಸೀತೇ ಹೊರತು, ತನ್ನ ಭಯವನ್ನಾಗಲಿ ತನಗಾದ ಅನ್ಯಾಯವನ್ನಾಗಲಿ ಹೇಗೆ ತಿಳಿಸೀತು? ಹೆಣ್ಣು ಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಸನ್ನೆಯಿಂದ ತಿಳಿಸಬಲ್ಲವರನ್ನು ಮೂಕರೆಂದು ಕರೆಯುವದೂ ನ್ಯಾಯವಲ್ಲ. ಗಿರಣಿಗಳಿಂದ ಹೆಸರಾದ ನಮ್ಮ ಊರಿನಲ್ಲಿ, ಯಂತ್ರದ ಸದ್ದಿನ ನಡುವೆ ದುಡಿದವರಿಗೆ ಕೈಸನ್ನೆಯ ಬೆಲೆಯನ್ನು ನಾವು ಹೇಳಿಕೊಡಬೇಕೇ?

ಕಾನೂನೂ ಈಗ ನಮ್ಮ ಪಕ್ಷದಲ್ಲಿರುವದು. 2015ರಲ್ಲಿ ದಿಲ್ಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. 2021ರ ಹೊತ್ತಿಗೆ ಅದರ ನಿಘಂಟು ಹತ್ತು ಸಾವಿರ ಪದಗಳಷ್ಟು ಬೆಳೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸನ್ನೆ ಭಾಷೆ ಬಲ್ಲ ಉಪಾಧ್ಯಾಯರನ್ನು, ಅವರಲ್ಲಿ ಅಂಗವಿಕಲರಾದವರನ್ನೂ, ತರಬೇತುಗೊಳಿಸಿ ನೇಮಿಸಬೇಕೆಂದು ವಿಧಿಸುವದು. ಆದರೆ ಮನೆಯ ಜಗಲಿಯಲ್ಲಿ ಮಗುವಿನ ಕೈಯನ್ನು ಹಿಡಿದು ತಡೆಯುವವರನ್ನು ಯಾವ ಕಾಯಿದೆಯು ಬಂದು ಬಿಡಿಸೀತು?

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಿನ್ನಹವೇನಂದರೆ: ನಿಮ್ಮ ಓಣಿಯಲ್ಲಿ ಕಿವುಡ ಮಗುವಿದ್ದರೆ ಅದರ ತಾಯಿಯನ್ನು ಕಂಡು ಮಾತಾಡಿರಿ, ಮಗುವನ್ನು ಶಾಲೆಗೆ ಸೇರಿಸಲು ನೆರವಾಗಿರಿ, ಹತ್ತು ಸನ್ನೆಗಳನ್ನಾದರೂ ನೀವೇ ಕಲಿಯಿರಿ. ನಿಮ್ಮಲ್ಲಿ ಉಪಾಧ್ಯಾಯಿನಿಯರಾದವರು, ಕಿವುಡ ಹುಡುಗಿಯೂ ಒಂದು ದಿನ ಉಪಾಧ್ಯಾಯಿನಿಯಾಗಬಲ್ಲಳೆಂಬದನ್ನು ಮರೆಯದಿರಿ. ಕ್ಲೇರನಿಗೆ ಒಬ್ಬ ಮಸಿಯು ದೊರೆತದ್ದರಿಂದಲೇ ಆತನು ಕ್ಲೇರನಾದನು.