ಎಕ್ಕದ ಹಾಲು, ಎರವಲು ವಿಷ

ಕೊಂಬು, ಉಗುರು, ಚಿಪ್ಪುಗಳಿಲ್ಲದ ಎಷ್ಟೋ ದುರ್ಬಲ ಜೀವಿಗಳಿಗೆ ವಿಷವೇ ಕವಚ. ಆ ವಿಷವನ್ನೂ ಕೆಲವು ಜೀವಿಗಳು ತಾವೇ ಉತ್ಪಾದಿಸದೆ, ಉಣ್ಣುವ ಆಹಾರದಿಂದ ಎರವಲು ಪಡೆಯುತ್ತವೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಇದರ ನಿದರ್ಶನ ನಮ್ಮ ಕಣ್ಣೆದುರಿಗೇ ಇದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಕೆರೆಯೇರಿಗಳಲ್ಲಿ, ಬೀಳುಭೂಮಿಗಳಲ್ಲಿ ಎಕ್ಕದ ಗಿಡ ತಾನಾಗಿಯೇ ಬೆಳೆಯುತ್ತದೆ. ಅದರ ಹೂವು ಶಿವಪೂಜೆಗೆ ಸಲ್ಲುತ್ತದೆ. ಎಲೆಯನ್ನು ಮಾತ್ರ ದನಕರುಗಳು ಸಾಮಾನ್ಯವಾಗಿ ಮುಟ್ಟವು. ಅದರ ಹಾಲಿನಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ದ್ರವ್ಯಗಳಿವೆ. ಆದರೆ ಕಪ್ಪು, ಬಿಳಿ, ಹಳದಿ ಪಟ್ಟೆಗಳುಳ್ಳ ಒಂದು ಮರಿಹುಳು ಆ ಎಲೆಯನ್ನೇ ತಿಂದು, ವಿಷದ ಅಂಶವನ್ನು ಮೈಯಲ್ಲಿರಿಸಿಕೊಂಡು, ಕಿತ್ತಳೆಗಂದು ಬಣ್ಣದ ಚಿಟ್ಟೆಯಾಗಿ ಹೊರಬರುತ್ತದೆ. ಇದನ್ನು ಪ್ಲೇನ್ ಟೈಗರ್ ಎನ್ನುತ್ತಾರೆ. ಈ ಬಳಗದ ಚಿಟ್ಟೆಯನ್ನು ತಿಂದು ಒಮ್ಮೆ ವಾಂತಿ ಮಾಡಿಕೊಂಡ ಹಕ್ಕಿ ಮುಂದೆ ಆ ಬಣ್ಣವನ್ನು ಕಂಡೊಡನೆ ದೂರ ಸರಿಯುತ್ತದೆ. ವಿಷವಿಲ್ಲದ ಬೇರೊಂದು ಜಾತಿಯ ಹೆಣ್ಣುಚಿಟ್ಟೆ ಇದೇ ವೇಷ ತೊಟ್ಟು ಜೀವ ಉಳಿಸಿಕೊಳ್ಳುವುದೂ ಉಂಟು!

ಸಮುದ್ರದಲ್ಲಿಯೂ ಇದೇ ನೀತಿ. ನಮ್ಮ ತೋಟಗಳ ಬಸವನಹುಳುವಿನ ದಾಯಾದಿಗಳಾದ ಕೆಲವು ಕಡಲಹುಳುಗಳು ಚಿಪ್ಪನ್ನು ಕಳೆದುಕೊಂಡಿವೆ. ಅವು ಸ್ಪಂಜು ಮೊದಲಾದ ಜೀವಿಗಳನ್ನು ತಿಂದು, ಅವುಗಳ ವಿಷವನ್ನು ಚರ್ಮದಲ್ಲಿ ಸಂಗ್ರಹಿಸಿ, ಮೀನುಗಳಿಂದ ಪಾರಾಗುತ್ತವೆ. ಹಿಂದೂ ಮಹಾಸಾಗರದ ‘ಕಡಲ ಮೊಲ’ ಎಂಬ ಇಂಥದೊಂದು ಪ್ರಾಣಿಯ ಸಾರಕ್ಕೆ ಕ್ಯಾನ್ಸರನ್ನು ತಡೆಯುವ ಗುಣವಿದೆಯೆಂದು ಅಮೆರಿಕದ ವಿಜ್ಞಾನಿ ಜಾರ್ಜ್ ಪೆಟಿಟ್ 1972ರಲ್ಲಿ ಕಂಡರು. ನೂರಾರು ಕಿಲೋ ಪ್ರಾಣಿಯಿಂದ ದೊರೆತದ್ದು ಕೆಲವೇ ಮಿಲಿಗ್ರಾಂ ದ್ರವ್ಯ. ‘ಡೋಲಾಸ್ಟಾಟಿನ್ 10’ ಎಂಬ ಅದರ ರಚನೆಯನ್ನು ಅರಿತು ಪ್ರಕಟಿಸಿದ್ದು 1987ರಲ್ಲಿ. ಅದೇ ದ್ರವ್ಯ ಸಮುದ್ರದ ಸೂಕ್ಷ್ಮಜೀವಿಯೊಂದರಲ್ಲಿಯೂ ಇದೆಯೆಂದು 2001ರಲ್ಲಿ ತಿಳಿದುಬಂದಿತು. ಕಡಲ ಮೊಲದ್ದೂ ಎರವಲು ಸೊತ್ತೇ ಆಗಿತ್ತು. ಆ ದ್ರವ್ಯವನ್ನು ಹಾಗೆಯೇ ರೋಗಿಗಳಿಗೆ ಕೊಟ್ಟಾಗ ಫಲ ಸಿಗಲಿಲ್ಲ. ಅದನ್ನು ಹೋಲುವ ದ್ರವ್ಯವನ್ನು ರಚಿಸಿ, ರೋಗಗ್ರಸ್ತ ಜೀವಕೋಶವನ್ನೇ ಹುಡುಕಿ ಹೋಗುವ ಪ್ರತಿಕಾಯಕ್ಕೆ ಜೋಡಿಸಿದ ಮೇಲೆ, ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ಔಷಧವಾಗಿ 2011ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಮೊದಲ ಸುಳಿವಿನಿಂದ ಅಲ್ಲಿಗೆ 39 ವರ್ಷಗಳ ತಪಸ್ಸು!

ವಿಷ ಔಷಧವಾಗಬಲ್ಲದು, ದಿಟ. ಆದರೆ ಪ್ರಮಾಣವನ್ನೂ ತಲುಪಬೇಕಾದ ಸ್ಥಾನವನ್ನೂ ಅರಿತಾಗ ಮಾತ್ರ. ಎಕ್ಕದ ಹಾಲನ್ನು ಹಲ್ಲುನೋವಿಗೆ, ಚೇಳು ಕಡಿದ ಗಾಯಕ್ಕೆ ಮನೆಮದ್ದಾಗಿ ಹಚ್ಚುವವರು ಇದನ್ನು ಚಿಂತಿಸಬೇಕು. ಪೂಜೆಗೆ ಹೂ ಬಿಡಿಸುವ ತಾಯಂದಿರೂ ಮಕ್ಕಳೂ ಆ ಹಾಲಿನ ಕೈಯಿಂದ ಕಣ್ಣನ್ನು ಉಜ್ಜಬಾರದು. ಅದು ಕಣ್ಣಿನ ಪಾರದರ್ಶಕ ಪಟಲವನ್ನು ಕೆಡಿಸಿ ದೃಷ್ಟಿಯನ್ನು ಮಂಜಾಗಿಸಬಲ್ಲದು. ಹಾಗಾದರೂ ಎಷ್ಟೋ ವೇಳೆ ನೋವೇ ಇರುವುದಿಲ್ಲ. ನೋವಿಲ್ಲವೆಂದು ಉಪೇಕ್ಷಿಸದೆ, ಕೂಡಲೇ ಧಾರಾಳವಾಗಿ ಶುದ್ಧ ನೀರಿನಿಂದ ಕಣ್ಣನ್ನು ತೊಳೆದು ನೇತ್ರವೈದ್ಯರಲ್ಲಿಗೆ ಹೋಗತಕ್ಕದ್ದು.

ಚಿಟ್ಟೆಗೆ ಒಗ್ಗಿದ್ದು ನಮಗೂ ಒಗ್ಗಬೇಕೆಂಬ ನಿಯಮವಿಲ್ಲ. ಹೂವನ್ನು ದೇವರಿಗೆ ಅರ್ಪಿಸೋಣ. ಹಾಲನ್ನು ಗಿಡಕ್ಕೇ ಬಿಡೋಣ.